ಎತ್ತರ ಬದಲಿಸಿದರೆ ದಂಡ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಕಾರನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸಿದಿರೋ, 182ಎ ಸೆಕ್ಷನ್ನಿನಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಗ್ರಹಚಾರ ಕೆಟ್ಟರೆ ಆರು ತಿಂಗಳವರೆಗೆ ಜೈಲೂ ಉಂಟು. ಒಳ್ಳೆಯ ಕಾನೂನು. ಕಾರನ್ನು ಇದ್ದ ಹಾಗೇ ಬಿಟ್ಟು ಅದರಡಿಯ ರಸ್ತೆಯನ್ನು ಎತ್ತರಿಸಿದರೆ ಮಾತ್ರ ಯಾರಿಗೂ ದಂಡವಿಲ್ಲ, ಬಿಲ್ ಪಾಸಾಗುತ್ತದೆ.

ರಸ್ತೆಯ ಹಂಪುಗಳಿಗೆ, ಅಂದರೆ ವೇಗ ತಗ್ಗಿಸಲು ಹಾಕುವ ದಿಬ್ಬಗಳಿಗೆ, ಅಳತೆಯೇ ಇಲ್ಲವೆಂದಲ್ಲ. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲೇ ಬರೆದಿಟ್ಟಿದೆ: 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಗಾಡಿ ಹಾಯಾಗಿ ದಾಟಬೇಕು. ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಒಳರಸ್ತೆಯವರು ಇದರಲ್ಲಿ ಎತ್ತರವನ್ನು ‘ಕನಿಷ್ಠ’ ಎಂದು ಓದಿಕೊಂಡಿದ್ದಾರೆ, ಅಗಲದ ಸಾಲಿಗೆ ಬರುವಷ್ಟರಲ್ಲಿ ಡಾಮರು ಮುಗಿದಿದೆ. ಬೋರ್ಡುಗಳಲ್ಲಿ ಕನ್ನಡವಿಲ್ಲ ಎಂದು ಮನವಿ ಕೊಡುವುದು ಕಾಸರಗೋಡು ಕನ್ನಡಿಗರಿಗೆ ಅಭ್ಯಾಸವಾಗಿಬಿಟ್ಟಿದೆ. ಹಂಪಿನ ವಿಷಯದಲ್ಲಿ ಆ ತಕರಾರೂ ಇಲ್ಲ. ಬೋರ್ಡೇ ಇಲ್ಲ, ಮಲಯಾಳಿಗೂ ಕನ್ನಡಿಗನಿಗೂ ತಲೆ ಒಟ್ಟಿಗೇ ಟಾಪಿಗೆ ಬಡಿಯುತ್ತದೆ.

ಇಂಥ ಊರಿಗೆ ಗಲ್ಫಿನಿಂದ ಬಂದ ಉಪ್ಪಳದ ಹುಡುಗನೊಬ್ಬ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೂ ಹೊಟ್ಟೆಗೂ ನಾಲ್ಕೈದು ಇಂಚು. ಹೆದ್ದಾರಿಯೇನೋ ನಂಬರ್ 17 ಹೋಗಿ 66 ಆಗಿ, ಜನ ಕಾದು ಕಾದು ಮುದುಕರಾದ ಮೇಲೆ ಆರು ಪಥವೂ ಆಯಿತು. ಮೇಲೆ ಹೋಗುವವರಿಗೆ ಬೆಣ್ಣೆ. ಆದರೆ ಮನೆಗೆ ಹೋಗಬೇಕಾದವನು ಕೆಳಗೆ ಸರ್ವೀಸ್ ರೋಡಿಗೆ ಇಳಿಯಲೇಬೇಕಲ್ಲ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನಿಂದ ಟಕ್ ಟಕ್ ಶಬ್ದ. ಗ್ಯಾರೇಜಿನಲ್ಲಿ ಜಾಕ್ ಕೊಟ್ಟು ಎತ್ತಿ ನೋಡಿದರೆ ಲಿಂಕ್ ರಾಡಿನ ಗುಂಡು ಸಡಿಲ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಬುಶ್ಶಿನ ರಬ್ಬರು ಹರಿದಿದೆ, ಎಡಗಡೆಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಒಸರಿ ಮೇಲೆಲ್ಲ ಕೆಂಪು ಧೂಳು ಮೆತ್ತಿಕೊಂಡಿದೆ. ಸ್ಪ್ರಿಂಗ್ ಕೂಡ ಕುಸಿದಿತ್ತು.

“ಎಡದ್ದು ಒಂದೇ ಹಾಕಿದ್ರೆ ಸಾಕಲ್ವಾ ಅಣ್ಣ?”

“ಆಗ್ಲಿಕ್ಕಿಲ್ಲ ಮಾರಾಯ. ಎರಡು ಬದಿಯದ್ದೂ ಒಟ್ಟಿಗೇ ಹಾಕ್ಬೇಕು. ಒಂದು ಹೊಸತು ಒಂದು ಹಳತಾದ್ರೆ ಗಾಡಿ ಹಿಡಿತಕ್ಕೆ ಸಿಗುದಿಲ್ಲ.”

ಮೆಕ್ಯಾನಿಕ್ ಬುಶ್ಶಿನ ಬೋಲ್ಟನ್ನು ಆಗಲೇ ಬಿಗಿಯಲಿಲ್ಲ. ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಮೇಲೇ ಕೂತ ನಂತರ ಅಡಿಗೆ ನುಗ್ಗಿ ಬಿಗಿದ. ಗಾಡಿ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದಂತೆ. ಇಷ್ಟು ತಿಳಿದವನನ್ನು ಲೋಕೋಪಯೋಗಿ ಇಲಾಖೆಗೆ ಸೇರಿಸಿಕೊಳ್ಳುವುದಿಲ್ಲ. ಅಲ್ಲಿ ಎಲ್ಲವನ್ನೂ ನೇತಾಡುವಾಗಲೇ ಬಿಗಿದು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಳ್ಳುವ ಕ್ರಮ.

ವೀಲ್ ಅಲೈನ್‌ಮೆಂಟ್ ಮಂಗಳೂರಿನಲ್ಲಿ ಮಾಡಿಸಿ, ಹುಡುಗ ತಲಪಾಡಿ ದಾಟಿ ಬರುವಾಗ ವಾಹನ ತಪಾಸಣೆ. ಅಧಿಕಾರಿಗೆ ಕಾರಿನ ನೆನಪಿತ್ತು. ಹೋದ ಸಲ ಕಂಡದ್ದಕ್ಕಿಂತ ಈಗ ಎತ್ತರ ಕಾಣುತ್ತದಲ್ಲ? ಹೊಸ ಸ್ಪ್ರಿಂಗ್ ಹಾಕಿಸಿದ್ದು, ಈಗ ಇರುವುದೇ ಕಂಪೆನಿಯ ಎತ್ತರ ಎಂದು ಹುಡುಗ ಬಿಲ್ ತೋರಿಸಿದ. ಹಾಗಾದರೆ ಇಷ್ಟು ದಿನ ತಗ್ಗಿಸಿಕೊಂಡು ಓಡಾಡಿದ್ದನ್ನು ನೀನೇ ಒಪ್ಪಿಕೊಂಡ ಹಾಗಾಯಿತು ಎಂದು ಅವರು ಟೇಪು ಬಿಚ್ಚಿದರು.

ಅಳೆದು ಮುಗಿದ ಮೇಲೆ ಹುಡುಗ ಬಹಳ ವಿನಯದಿಂದ, “ಸಾರ್, ಹೇಗೂ ಟೇಪು ಬಿಚ್ಚಿದ್ದೀರಿ, ಆ ಹಂಪನ್ನೂ ಒಮ್ಮೆ ಅಳೆದುಬಿಡುವನಾ?” ಎಂದ. ಕರ್ತವ್ಯಕ್ಕೆ ಅಡ್ಡಿ ಮಾಡಿದ್ದಕ್ಕೆ ಬೇರೆ ಸೆಕ್ಷನ್ ಉಂಟಂತೆ.