ನೆಟ್ಟು ನಮಗಿರಲಿ, ಅವರಿಗ್ಯಾಕೆ?

2017ರ ಜೂನ್‌ನಲ್ಲಿ ಕೇಂದ್ರ ಸಚಿವ ಅರ್ಜುನ್ ರಾಮ್ ಮೇಘ್ವಾಲ್ ರಾಜಸ್ಥಾನದ ಬಿಕಾನೇರ್ ಕಡೆಯ ಒಂದು ಹಳ್ಳಿಗೆ ಹೋಗಿದ್ದರು. ಜನ ಕಷ್ಟ ಹೇಳಿಕೊಂಡರು. ಅಧಿಕಾರಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಏಣಿ ಬಂತು, ಸಚಿವರು ಮರ ಹತ್ತಿದರು, ಮಾತಾಡಿದರು, ಇಳಿದರು. 2021ರಲ್ಲಿ ಮಧ್ಯಪ್ರದೇಶದ ಸಚಿವ ಬ್ರಜೇಂದ್ರ ಸಿಂಗ್ ಯಾದವ್ ಇನ್ನಷ್ಟು ಮೇಲಕ್ಕೆ ಹೋದರು. ಜಾತ್ರೆಯ ಜೋಕಾಲಿಯಲ್ಲಿ ಕೂತು 50 ಅಡಿ ಎತ್ತರದಿಂದ ಫೋನ್! ಅದೇ ವರ್ಷ ಸುಳ್ಯದ ಕಡೆ ಮಗಳ ಆನ್‌ಲೈನ್ ಕ್ಲಾಸಿಗೆ ಅಪ್ಪ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ನಿಂತಿದ್ದ ಫೋಟೊ ನೀವೂ ನೋಡಿರುತ್ತೀರಿ. ಪಾಪ, ಅವರಿಗೆ ಜೋಕಾಲಿ ಇರಲಿಲ್ಲ.

ಡಿಜಿಟಲ್ ಇಂಡಿಯಾ ಶುರುವಾಗಿದ್ದು 2015ರ ಜುಲೈ 1ಕ್ಕೆ. ಅಂದರೆ ಮರ, ಜೋಕಾಲಿ, ಕೊಡೆ ಎಲ್ಲವೂ ಅದರ ನಂತರದ ಸಾಧನೆಗಳು.

ನೆಟ್ಟು ಇಲ್ಲದ ಕಡೆ ಜನ ಹೀಗೆ ಹತ್ತುತ್ತಾರೆ. ಇರುವ ಕಡೆ ಕಿತ್ತುಕೊಳ್ಳುತ್ತಾರೆ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸೂರಜ್ ಅನ್ನೋ ಊರಲ್ಲಿ 2016ರಲ್ಲಿ ಮದುವೆಯಾಗದ ಹುಡುಗಿಯರು ಮೊಬೈಲ್ ಮುಟ್ಟಬಾರದು ಅಂತ ತೀರ್ಮಾನವಾಯಿತು. ಸಿಕ್ಕಿಬಿದ್ದರೆ 2,100 ರೂಪಾಯಿ ದಂಡ, ಸುದ್ದಿ ಕೊಟ್ಟವರಿಗೆ 200 ರೂಪಾಯಿ ಬಹುಮಾನ. ಸುದ್ದಿಯನ್ನು ಬೇಗ ಮುಟ್ಟಿಸೋದು ಹೇಗೆ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ, ಹುಡುಗರ ಕೈಯಲ್ಲಿ ಫೋನ್ ಇತ್ತಲ್ಲ.

ಗುಜರಾತು ಹಾಗೆ, ಕೇರಳ ಬೇರೆ ಅಂತೀರಾ? ಸ್ವಲ್ಪ ಬೇರೆ. ಅಲ್ಲೊಂದು ಕಾಲೇಜಿನ ಹಾಸ್ಟೆಲ್‌ನಲ್ಲಿ ಹುಡುಗಿಯರು ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಒಪ್ಪಿಸಬೇಕಿತ್ತು. ಒಬ್ಬಳು ಆಗಲ್ಲ ಅಂದಳು, ಹೊರಗೆ ಹಾಕಿದರು, ಅವಳು ಕೋರ್ಟಿಗೆ ಹೋದಳು. 2019ರಲ್ಲಿ ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿತು. ಒಂದು ಕಡೆ ದಂಡ, ಇನ್ನೊಂದು ಕಡೆ ಹಕ್ಕು. ಕಿತ್ತುಕೊಳ್ಳೋ ಆಸೆ ಮಾತ್ರ ಎರಡೂ ಕಡೆ ಒಂದೇ.

ಇಷ್ಟಕ್ಕೂ 'ಮೊಬೈಲ್‌ನಿಂದ ಹೆಣ್ಮಕ್ಕಳು ಹಾಳಾಗ್ತಾರೆ' ಅನ್ನೋ ಮಾತು ನಮಗೆ ತಲುಪೋದು ಯಾವುದರಲ್ಲಿ? ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ. ಮಾವ ಬೆಳಗ್ಗೆ ಐದಕ್ಕೇ ಎದ್ದು, ಹಲ್ಲುಜ್ಜುವ ಮೊದಲೇ ಫಾರ್ವರ್ಡ್ ಮಾಡಿರುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019-21ರಲ್ಲಿ ಒಂದು ಪ್ರಶ್ನೆ ಕೇಳಿದರು: ಜೀವನದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೀರಾ? ದಿನಾ ಅಲ್ಲ, ಒಮ್ಮೆ. ಹೌದು ಅಂದವರು ಗಂಡಸರಲ್ಲಿ ಶೇ. 57, ಹೆಂಗಸರಲ್ಲಿ ಶೇ. 33. ಸಿಕ್ಕಿಂನಲ್ಲಿ ಶೇ. 76.7ರಷ್ಟು ಹೆಂಗಸರು ಹೌದು ಅಂದರು, ಬಿಹಾರದಲ್ಲಿ ಶೇ. 20.6. ಬಿಹಾರ ತಾನೇ ಅಂತ ನಗಬೇಡಿ. ಹೈಟೆಕ್ ಸಿಟಿ ಇಟ್ಟುಕೊಂಡಿರೋ ತೆಲಂಗಾಣದಲ್ಲಿ ಶೇ. 26.5. ಸಾಫ್ಟ್‌ವೇರ್ ರಾಜಧಾನಿ ನಮ್ಮದೇ ಅಂತ ಎದೆ ತಟ್ಟಿಕೊಳ್ಳುವ ಕರ್ನಾಟಕದಲ್ಲಿ ಶೇ. 35. ಸಿಕ್ಕಿಂ ಇರೋದು ಬೆಟ್ಟದ ಮೇಲೆ ನೋಡಿ, ಸಚಿವರು ಮರ ಹತ್ತಿದ್ದು ಸುಮ್ನೆ ಅಲ್ಲ.

ಸರ್ಕಾರಗಳ ಬುದ್ಧಿಯೂ ಆ ಸೂರಜ್ ಊರಿನ ಹಿರಿಯರದ್ದೇ, ಅಳತೆ ಮಾತ್ರ ದೊಡ್ಡದು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನೆಟ್ಟು ಹೋಯಿತು, 4ಜಿ ವಾಪಸ್ ಬಂದಿದ್ದು 2021ರ ಫೆಬ್ರುವರಿಯಲ್ಲಿ. ನಡುವೆ ಕೊರೊನಾ ಬಂತು, ಅಲ್ಲಿನ ಮಕ್ಕಳು 2ಜಿಯಲ್ಲೇ ಪಾಠ ಕೇಳಿದರು. ರಾಜಸ್ಥಾನದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಯಾರೂ ನಕಲು ಮಾಡಬಾರದು ಅಂತ ಹಲವು ಜಿಲ್ಲೆಗಳ ಮೊಬೈಲ್ ಇಂಟರ್ನೆಟ್ಟನ್ನೇ ನಿಲ್ಲಿಸಿದರು. ಪರೀಕ್ಷೆ ಬರೆಯದವರೂ ಶಿಕ್ಷೆ ಅನುಭವಿಸಿದರು. ಪ್ರಶ್ನೆಪತ್ರಿಕೆ ಮಾತ್ರ ನೆಟ್ಟಿಗೆ ಕಾಯದೆ ಮೊದಲೇ ಹೊರಗೆ ಬಂದಿತ್ತು. 2022ರ ಫೆಬ್ರುವರಿಯಲ್ಲಿ ಅದರ ಲೆವೆಲ್ 2 (6ರಿಂದ 8ನೇ ಕ್ಲಾಸಿನ ಶಿಕ್ಷಕರ) ಪರೀಕ್ಷೆಯನ್ನೇ ರದ್ದು ಮಾಡಿದರು. ನೆಟ್ಟು ಬಂದ್ ಮಾಡಿದ ದಿನವನ್ನು ಹೇಗೆ ರದ್ದು ಮಾಡೋದು?

ಇಂಥ ದೇಶವೇ 2021ರ ಮೇನಲ್ಲಿ 18ರಿಂದ 44 ವರ್ಷದವರಿಗೆ ಲಸಿಕೆ ಬೇಕಾದರೆ ಮೊದಲು ಕೋವಿನ್ ಅನ್ನೋ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿಸಿ ಅಂದಿತು, ಅದೂ ಶುರುವಿನಲ್ಲಿ ಇಂಗ್ಲಿಷಿನಲ್ಲಿ. ಸಿಟಿಯವರು ಲ್ಯಾಪ್‌ಟಾಪ್ ತೆರೆದು ಕೂತು, ಹಳ್ಳಿಯ ಆಸ್ಪತ್ರೆಯ ಸ್ಲಾಟ್ ಹಿಡಿದು, ಕಾರಲ್ಲಿ ಬಂದು, ಊರವರ ಎದುರಿಗೇ ಚುಚ್ಚಿಸಿಕೊಂಡು ಹೋದರು. ಅವರಲ್ಲಿ ಒಬ್ಬರಿಗಾದರೂ ಅಲ್ಲಿ ನಿಂತು ಸರ್ಟಿಫಿಕೇಟ್ ಡೌನ್‌ಲೋಡ್ ಆಗದೆ, 'ಏನ್ರೀ, ಇಲ್ಲಿ ಸಿಗ್ನಲ್ಲೇ ಇಲ್ವಲ್ಲ' ಅಂತ ಸಿಡುಕಿರಬೇಕು. ಊರವರು ಪಾಪದವರು, ಯಾವ ಮರ ಅಂತ ತೋರಿಸಿಕೊಟ್ಟಿರುತ್ತಾರೆ.