ಬಿಗ್ ಬ್ಯಾಂಗ್ ಮತ್ತೆ ಸತ್ತಿತು

ಇವತ್ತು ಬೆಳಗ್ಗೆ ಮೊಬೈಲ್ ತೆರೆದರೆ ಬಿಗ್ ಬ್ಯಾಂಗ್ ಸತ್ತಿತ್ತು. ವಿಶ್ವ ತೀರಾ ಬಿಸಿಯಾದ, ಒತ್ತೊತ್ತಾದ ಸ್ಥಿತಿಯಿಂದ ಹಿಗ್ಗುತ್ತಾ ಬಂತು ಅನ್ನುವ ಸಿದ್ಧಾಂತವೇ ಸುಳ್ಳಾಯಿತು ಅಂತ ಸುದ್ದಿ. ಹೋದ ತಿಂಗಳೂ ಸತ್ತಿತ್ತು. ಅದಕ್ಕೂ ಹಿಂದೆ ಎರಡು ಸಲ ಸತ್ತ ನೆನಪು. ಇಷ್ಟು ಸಲ ಸತ್ತೂ ಇಷ್ಟು ಗಟ್ಟಿಮುಟ್ಟಾಗಿರುವ ಸಿದ್ಧಾಂತವನ್ನು ನಾನು ಬೇರೆ ಕಂಡಿಲ್ಲ.

ಸುದ್ದಿಯ ಅಚ್ಚು ಯಾವಾಗಲೂ ಒಂದೇ. ಮೇಲೆ ನೇರಳೆ ಬಣ್ಣದ ಗ್ಯಾಲಕ್ಸಿ. ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತ ಬಿಳಿ ಕೋಟಿನ ಮನುಷ್ಯ. ನಕ್ಷತ್ರ ನೋಡುವವರಿಗೆ ಬಿಳಿ ಕೋಟು ಯಾಕೋ ಗೊತ್ತಿಲ್ಲ, ಮಸಿ ಹತ್ತುತ್ತೇನೋ. ಕೆಳಗೆ ದಪ್ಪ ಅಕ್ಷರದಲ್ಲಿ: 'ವಿಜ್ಞಾನಿಗಳೇ ದಂಗಾದರು!' ಪಾಪ, ಅವರು ದಂಗಾಗದ ದಿನವೇ ಇಲ್ಲ. ಒಳಗೆ ಹೋಗಿ ಓದಿದರೆ, ಏಳನೇ ಪ್ಯಾರಾದಲ್ಲಿ, ಎರಡು ಜಾಹೀರಾತಿನ ನಡುವೆ ನಜ್ಜುಗುಜ್ಜಾಗಿ ಒಂದು ಸತ್ಯವಾದ ಸಾಲು ಕೂತಿರುತ್ತದೆ. ಕೆಲವು ಗ್ಯಾಲಕ್ಸಿಗಳು ಲೆಕ್ಕ ಹಾಕಿದ್ದಕ್ಕಿಂತ ಬೇಗ ಬೆಳೆದ ಹಾಗೆ ಕಾಣುತ್ತಿವೆಯಂತೆ. ಅಷ್ಟೇ. ಮಗು ಬೇಗ ನಡೆಯೋಕೆ ಕಲಿತರೆ ಅದು ಹುಟ್ಟೇ ಇಲ್ಲ ಅಂದ ಹಾಗಾಯ್ತು, ಅಲ್ವಾ?

2022ರಲ್ಲಿ ಈ ಆಟ ತಾರಕಕ್ಕೇರಿತು. ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಆಗಷ್ಟೇ ಬಂದಿದ್ದವು. ದೂರದಲ್ಲಿ ತಟ್ಟೆಯಾಕಾರದ ಗ್ಯಾಲಕ್ಸಿಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ ಎಂದು ಒಂದು ತಂಡ ಪ್ರಬಂಧ ಬರೆಯಿತು. ತಮಾಷೆಗೆ ಒಂದು ಸಂಗೀತ ತಂಡದ ಹೆಸರನ್ನು ತಿರುಚಿ ಶೀರ್ಷಿಕೆ ಇಟ್ಟರು. ಅದರಲ್ಲಿ 'ಪ್ಯಾನಿಕ್' ಅನ್ನುವ ಪದ ಇತ್ತು. ಮುಗೀತು. ನೋಡಿ, ವಿಜ್ಞಾನಿಗಳೇ ಗಾಬರಿಯಾಗಿದ್ದೇವೆ ಅಂತ ಬರೆದುಕೊಟ್ಟಿದ್ದಾರೆ ಎಂದು ಬಿಗ್ ಬ್ಯಾಂಗ್ ಒಪ್ಪದವರು ಕುಣಿದರು. ನಗಿಸಲು ಹೋದವರ ಮಾತನ್ನು ತಪ್ಪೊಪ್ಪಿಗೆ ಮಾಡಿಬಿಟ್ಟರು.

ಇನ್ನು ಟೀವಿಯವರು. ಕಪ್ಪು ಖಾಲಿ ಜಾಗ, ನಡುವೆ ಒಂದು ಚುಕ್ಕಿ, ಆಮೇಲೆ ಢಮಾರ್! ಬೆಂಕಿಯುಂಡೆ ನಮ್ಮ ಮುಖಕ್ಕೇ ಬರುತ್ತದೆ. ನನ್ನದೊಂದೇ ಪ್ರಶ್ನೆ. ಕ್ಯಾಮೆರಾ ಇಟ್ಟವನು ಎಲ್ಲಿ ನಿಂತಿದ್ದ? ಜಾಗವೇ ಹಿಗ್ಗಿದ ಕಥೆ ಅದು. ಹೊರಗೆ ನಿಂತು ನೋಡೋಕೆ ಹೊರಗು ಅನ್ನೋದೊಂದು ಇರಬೇಡ್ವಾ? ಬೆಳಕು ಅಡೆತಡೆಯಿಲ್ಲದೆ ಓಡಾಡಿದ್ದೇ ಸುಮಾರು 3,80,000 ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಎಲ್ಲ ಬಿಸಿ ಮಂಜಿನ ಹಾಗೆ.

ಟೀವಿಯವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಹೆಸರಲ್ಲೇ 'ಢಮಾರ್' ಇದೆ. ಆ ಹೆಸರಿಟ್ಟವರು ಯಾರು? ಸಿದ್ಧಾಂತವನ್ನು ಒಪ್ಪದ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್! 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತಾ ಅಂದ ಪದ. ವಿಶ್ವಕ್ಕೆ ಆರಂಭವೇ ಇಲ್ಲ, ಅದು ಯಾವಾಗಲೂ ಹೀಗೇ ಇತ್ತು ಅನ್ನುವುದು ಅವರ ವಾದ. 2001ರಲ್ಲಿ ತೀರಿಕೊಳ್ಳುವ ತನಕ ಬಿಗ್ ಬ್ಯಾಂಗ್ ಒಪ್ಪಲಿಲ್ಲ. ಎದುರಾಳಿ ಇಟ್ಟ ಹೆಸರೇ ಗಟ್ಟಿಯಾಗಿ ಕೂತುಬಿಟ್ಟಿತು.

ಕೊಲ್ಲುವವರು ಒಂದು ಕಡೆಯಾದರೆ ಅಪ್ಪಿಕೊಳ್ಳುವವರು ಇನ್ನೊಂದು ಕಡೆ. ಹಿಗ್ಗುವ ವಿಶ್ವದ ಲೆಕ್ಕವನ್ನು 1927ರಲ್ಲಿ ಮಾಡಿದ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ 12ನೇ ಪಿಯಸ್ ಭಾಷಣ ಮಾಡಿ, ಸೃಷ್ಟಿಯ ಮಾತಿಗೆ ವಿಜ್ಞಾನ ಸಾಕ್ಷಿ ಹೇಳಿದೆ ಎಂಬ ಧಾಟಿಯಲ್ಲಿ ಸಂಭ್ರಮಿಸಿದರು. ಇರುಸುಮುರುಸು ಪಟ್ಟವರು ಯಾರು ಗೊತ್ತಾ? ಅದೇ ಪಾದ್ರಿ. ಅದೂ ಇದೂ ಕಲಸಬೇಡಿ ಅನ್ನುವುದು ಅವರ ನಿಲುವು.

ನಿಜವಾಗಿ ಒಂದು ಸಿದ್ಧಾಂತ ಮೂಲೆ ಸೇರಿದ್ದು ಹೇಗೆ ಅಂತ ಕೇಳಿ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳ ರೇಡಿಯೋ ಆಂಟೆನಾದಲ್ಲಿ ಸುಮ್ನೆ ಒಂದು ಗೊರಗೊರ. ಎತ್ತ ತಿರುಗಿಸಿದರೂ ಅದೇ. ಒಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು. ಇವುಗಳದ್ದೇ ಕಿತಾಪತಿ ಅಂತ ಹಿಕ್ಕೆ ಉಜ್ಜಿ ತೊಳೆದರು, ಹಕ್ಕಿಗಳನ್ನು ಓಡಿಸಿದರು. ಗೊರಗೊರ ಹೋಗಲಿಲ್ಲ. ಅದು ಎಳೆಯ ವಿಶ್ವದ ಶಾಖದ ಉಳಿಕೆ! ಯಾವಾಗಲೂ ಹೀಗೇ ಇದ್ದ ವಿಶ್ವಕ್ಕೆ ಎಳೆತನದ ಶಾಖ ಎಲ್ಲಿಂದ? ಹಾಯ್ಲ್ ಪಕ್ಷದ ವಾದ ಅಲ್ಲಿಂದ ಮೇಲೇಳಲಿಲ್ಲ. 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಾರಿವಾಳಗಳಿಗೆ ಏನೂ ಸಿಗಲಿಲ್ಲ.

ಸೌರಮಂಡಲಕ್ಕೆ ಹೀಗೆ ಶೀರ್ಷಿಕೆಗಳಲ್ಲಿ ಪದೇಪದೇ ಸಾಯುವ ಭಾಗ್ಯವೂ ಇಲ್ಲ. ಅದರ ಹುಟ್ಟಿನ ಕಥೆ ತೀರಾ ಸಪ್ಪೆ. ಧೂಮಕೇತು ಬಂದು ಸೂರ್ಯನಿಗೆ ಗುದ್ದಿ ಗ್ರಹಗಳು ಚಿಮ್ಮಿದವು ಎಂದು ಹಿಂದೆ ಫ್ರೆಂಚ್ ವಿಜ್ಞಾನಿ ಬುಫಾನ್ ಹೇಳಿದ್ದರು. ಹಾದುಹೋದ ನಕ್ಷತ್ರವೊಂದು ಸೂರ್ಯನಿಂದ ತುಣುಕು ಎಳೆದುಕೊಂಡಿತು ಅನ್ನುವುದೂ ಒಂದು ಕಾಲಕ್ಕೆ ಓಡಿತು. ಎಂಥ ಶೀರ್ಷಿಕೆಗಳಾಗುತ್ತಿದ್ದವು! ಗೆದ್ದಿದ್ದು ಮಾತ್ರ ತತ್ತ್ವಜ್ಞಾನಿ ಕಾಂಟ್ 1755ರಲ್ಲಿ, ಗಣಿತಜ್ಞ ಲಾಪ್ಲಾಸ್ 1796ರಲ್ಲಿ ಹೇಳಿದ ದಾರಿ. ಒಂದು ಮೋಡ ಕುಸಿಯಿತು, ಸುತ್ತುತ್ತಾ ಚಪ್ಪಟೆಯಾಯಿತು, ನಡುವೆ ಸೂರ್ಯನಾಯಿತು, ಸುತ್ತ ಉಳಿದ ಚೂರುಪಾರು ಸೇರಿ ಗ್ರಹಗಳಾದವು. ಸುಮಾರು 457 ಕೋಟಿ ವರ್ಷದ ಹಿಂದಿನ ಮಾತು. ಒಟ್ಟು ದ್ರವ್ಯದಲ್ಲಿ ಶೇ. 99.8ಕ್ಕೂ ಜಾಸ್ತಿ ಸೂರ್ಯನ ಪಾಲು. ಮಿಕ್ಕಿದ್ದರಲ್ಲೂ ಬಹುಪಾಲು ಗುರುಗ್ರಹವೇ ಬಾಚಿಕೊಂಡಿತು. ಅದರಲ್ಲೂ ಮಿಕ್ಕ ಒಂದು ಚೂರಿನ ಮೇಲೆ ಕೂತು ಒಬ್ಬರು, ವಿಶ್ವ ಹುಟ್ಟಿದ್ದೇ ಸುಳ್ಳು ಅಂತ ಶೀರ್ಷಿಕೆ ಟೈಪ್ ಮಾಡುತ್ತಿದ್ದಾರೆ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಮೊಬೈಲ್ ಮತ್ತೆ ಕಿಣಿ ಅಂದಿತು. ಅದೇ ನೇರಳೆ ಗ್ಯಾಲಕ್ಸಿ, ಅದೇ ಬಿಳಿ ಕೋಟು. 'ಬಿಗ್ ಬ್ಯಾಂಗ್ ಆಗಿದ್ದು ನಿಜ: ವಿಜ್ಞಾನಿಗಳೇ ದಂಗಾದರು!'