ಸಹಿ ಮೇಲೆ, ಸುಳ್ಳು ಕೆಳಗೆ

ನಮ್ಮ ಆಫೀಸಿನ ಗೆಳೆಯ ಈಚೆಗೆ ಯಾವ ತಪ್ಪನ್ನೂ ಮಾಡುವುದಿಲ್ಲ. ಎಲ್ಲ ಅವನ ಮಿದುಳು ಮಾಡುತ್ತದೆ. ಎರಡನೇ ಮಸಾಲೆ ದೋಸೆ ತರಿಸಿದರೆ ಅದು ಹೊಟ್ಟೆಬಾಕತನವಲ್ಲ, ತಟ್ಟೆಯ ಗಾತ್ರದ ಪ್ರಭಾವ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಕ್ಕೊಂದು ಅಮೆರಿಕದ ಮನಃಶಾಸ್ತ್ರದ ಪಾಡ್‌ಕಾಸ್ಟ್ ಕೇಳಿ ಮುಗಿಸುತ್ತಾನೆ, ಪಾಪ.

ಅವನ ಬಲವಂತಕ್ಕೆ ನಾನೂ ಕೇಳಿದೆ. ಮೊದಲು ಮೆಲ್ಲಗೆ ಪಿಯಾನೊ. ಆಮೇಲೆ ಗುಟ್ಟು ಹೇಳುವಂಥ ದನಿ: ‘ನಿಮ್ಮ ನಿರ್ಧಾರ ನಿಮ್ಮದೇ ಅಂದುಕೊಂಡಿದ್ದೀರಾ?’ ತಕ್ಷಣ ಹಾಸಿಗೆಯ ಜಾಹೀರಾತು. ನಮಗೇ ಗೊತ್ತಿಲ್ಲದೆ ನಮ್ಮನ್ನು ಆಡಿಸುವವರು ಯಾರು ಅನ್ನುವುದನ್ನು ಹಾಸಿಗೆ ಮಾರಿದ ಮೇಲೆ ಹೇಳುತ್ತಾರೆ.

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಮೂತ್ರಿಗಳಲ್ಲಿ ನೊಣದ ಚಿತ್ರ ಹಾಕಿದರಂತೆ. ಗಂಡಸರು ಅದಕ್ಕೆ ಗುರಿಯಿಟ್ಟರು, ನೆಲ ಒಣಗಿತು. ಅಬ್ಬಾ ಎಂಥ ವಿಜ್ಞಾನ! ನಮ್ಮೂರ ಕಾಂಪೌಂಡುಗಳಿಗೆ ವೆಂಕಟರಮಣ, ಏಸು, ಮೆಕ್ಕಾ ಇರುವ ಟೈಲ್ಸ್ ಅಂಟಿಸಿ ಎಷ್ಟು ಕಾಲವಾಯಿತು. ಜಿಪ್ಪಿಗೆ ಹೋದ ಕೈ ಅಲ್ಲೇ ನಿಂತು ಎದೆಗೆ ಬರುತ್ತದೆ. ಭಕ್ತ ಟೈಲ್ಸ್ ಮುಗಿಯುವವರೆಗೆ ನಡೆದು ಆಮೇಲೆ ಶುರು ಮಾಡುತ್ತಾನೆ.

ಗೆಳೆಯನನ್ನು ಪೂರ್ತಿ ಮರುಳು ಮಾಡಿದ್ದು 2012ರ ಒಂದು ಸಂಶೋಧನೆ. ಫಾರಂನ ಕೊನೆಯ ಬದಲು ಮೇಲ್ಗಡೆಯೇ ‘ನಾನು ಬರೆಯುವುದೆಲ್ಲ ಸತ್ಯ’ ಎಂದು ಸಹಿ ಹಾಕಿಸಿದರೆ ಜನ ಕಡಿಮೆ ಸುಳ್ಳು ಹೇಳುತ್ತಾರಂತೆ. ಇವನು ನಮ್ಮ ಪೆಟ್ರೋಲ್ ಬಿಲ್ಲಿನ ಫಾರಂ ತಿದ್ದಿಸಿದ. ನಾವೆಲ್ಲ ಮೇಲೆ ಚೆಂದಾಗಿ ಸಹಿ ಹಾಕಿದೆವು. ಕೆಳಗೆ ಎಂದಿನಂತೆ ಬರೆದೆವು.

2020ರಲ್ಲಿ ಅದೇ ಲೇಖಕರು ಮತ್ತೆ ಪರೀಕ್ಷಿಸಿದರೆ ಆ ಪರಿಣಾಮ ಕಾಣಲೇ ಇಲ್ಲ. ಆ ಸಂಶೋಧನೆಯ ಒಂದು ಭಾಗದಲ್ಲಿ ಕಾರು ವಿಮೆ ಮಾಡಿಸಿದವರು ಮೇಲೋ ಕೆಳಗೋ ಸಹಿ ಹಾಕಿ, ಕಾರು ಎಷ್ಟು ಮೈಲಿ ಓಡಿದೆ ಎಂದು ಬರೆದುಕೊಟ್ಟಿದ್ದರಂತೆ. 2021ರಲ್ಲಿ ಬೇರೆ ಸಂಶೋಧಕರು ಅದರ ಎಕ್ಸೆಲ್ ಶೀಟು ತೆರೆದು ನೋಡಿದರು. 13,488 ಪಾಲಿಸಿ. ಸಾವಿರ ಮೈಲಿ ಓಡಿಸಿದವರು ಎಷ್ಟೋ, ನಲವತ್ತು ಸಾವಿರ ಓಡಿಸಿದವರೂ ಹೆಚ್ಚುಕಮ್ಮಿ ಅಷ್ಟೇ. ಐವತ್ತು ಸಾವಿರ ಬಂದೊಡನೆ ಎಲ್ಲರ ಕಾರೂ ಗಪ್ ಅಂತ ನಿಂತುಬಿಟ್ಟಿತ್ತು! ಅರ್ಧ ಅಂಕಿಗಳು ಕ್ಯಾಲಿಬ್ರಿ ಫಾಂಟಿನಲ್ಲಿ, ಇನ್ನರ್ಧ ಕೇಂಬ್ರಿಯಾದಲ್ಲಿ. ಕಾಪಿ ಹೊಡೆಯುವ ಹುಡುಗರೂ ಒಂದೇ ಪೆನ್ನು ಬಳಸುತ್ತಾರಪ್ಪ. ಪ್ರಾಮಾಣಿಕತೆಯ ಮೇಲಿನ ಆ ಪ್ರಬಂಧವನ್ನು ಅದೇ ವರ್ಷ ವಾಪಸ್ ಪಡೆದರು. ಅಂಕಿ ಹುಟ್ಟಿಸಿದ್ದು ನಾನೇ ಎಂದು ಯಾರೂ ಒಪ್ಪಿಲ್ಲ. ಮೇಲ್ಗಡೆ ಸಹಿ ಹಾಕಿಸಿ ಕೇಳಬೇಕಿತ್ತೇನೋ.

ಇದನ್ನೆಲ್ಲ ಹೇಳಿದೆ. ಗೆಳೆಯನ ಮುಖ ಇನ್ನೂ ಅರಳಿತು.

“ನೋಡಿದ್ಯಾ ಗುರು, ನಾನು ಅದನ್ನ ಕೇಳಿದ ಕೂಡಲೇ ನಂಬಿಬಿಟ್ಟೆ ಅಲ್ವಾ? ಅದಕ್ಕೂ ಕಾರಣ ಮಿದುಳೇ. ಅದರ ಮೇಲೇ ಒಂದು ಎಪಿಸೋಡ್ ಇದೆ, ಲಿಂಕ್ ಕಳಿಸ್ತೀನಿ.”

“ಕಳಿಸು. ಯುಗಾದಿಗೆ ಮುಂಚೆ ತಗೊಂಡಿದ್ದ ಎರಡು ಸಾವಿರಾನೂ ಕಳಿಸು.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ದನಿ ತಗ್ಗಿಸಿದ. ಹಿಂದೆ ಪಿಯಾನೊ ಒಂದೇ ಕಡಿಮೆ.

“ಅದಕ್ಕೂ ಒಂದು ಎಪಿಸೋಡ್ ಇದೆ.”